ಅರಮನೆಯನ್ನು ಒಲ್ಲೆನೆಂದ ಅರಸುಮಗ: ಸಂತ ಅಲೋಶಿಯಸ್ ಗೊನ್ಜಾಗ

ಪ್ರತಿ ವರ್ಷ ಜೂನ್ 21ರಂದು ಧರ್ಮಸಭೆಯು ಯುವಜನರ ಪಾಲಕ ಸಂತರಾದ ಅಲೋಶಿಯಸ್ ಗೊನ್ಜಾಗ ಅವರ ಹಬ್ಬವನ್ನು ಆಚರಿಸುತ್ತದೆ. ಕರಾವಳಿಯ ನಮಗೆ ಈ ಹೆಸರು ಹೊಸದಲ್ಲ. 1880ರಲ್ಲಿ ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿನಲ್ಲಿ ಆರಂಭಿಸಿದ ಕಾಲೇಜು ಈ ಸಂತರ ಹೆಸರನ್ನೇ ಹೊತ್ತಿದೆ. ಆ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆ, ಛಾವಣಿಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಿತ್ರಗಳಿಂದ ತುಂಬಿದವರು ಸಹೋದರ ಅಂತೋನಿಯೊ ಮೊಸ್ಕೇನಿ. ತಲೆಯೆತ್ತಿ ನೋಡಿದವರಿಗೆ ಅಲೋಶಿಯಸರ ಜೀವನದ ಘಟನೆಗಳು ಅಲ್ಲಿ ಒಂದೊಂದಾಗಿ ಕಾಣುತ್ತವೆ.

ಆದರೂ ಈ ಸಂತರು ನಮ್ಮ ಯುವಜನರಿಗೆ ಹತ್ತಿರದವರಾಗಿದ್ದಾರೆಯೇ ಎಂದು ಕೇಳಿಕೊಂಡರೆ ಉತ್ತರಿಸಲು ಸಂಕೋಚವಾಗುತ್ತದೆ. ನಮ್ಮ ಮನೆಗಳ ಪ್ರಾರ್ಥನಾ ಪುಸ್ತಕಗಳ ಹಾಳೆಗಳ ನಡುವೆ ಇರುವ ಚಿತ್ರಗಳಲ್ಲಿ ಅವರು ಬಿಳಿಚಿದ ಮುಖದ, ತಲೆ ಬಾಗಿಸಿದ, ಶಿಲುಬೆಯನ್ನೂ ಲಿಲ್ಲಿ ಹೂವನ್ನೂ ಹಿಡಿದ ಸೌಮ್ಯ ತರುಣ. ಲೋಕವನ್ನೇ ಕಾಣದವನಿಗೆ ಲೋಕವನ್ನು ಗೆಲ್ಲುವುದೇನು ಕಷ್ಟವೆಂದು ಇಂದಿನ ಹುಡುಗರು ಭಾವಿಸಿದರೆ ಅವರನ್ನು ದೂಷಿಸುವಂತಿಲ್ಲ. ಆದರೆ ನಿಜ ಸಂಗತಿ ಬೇರೆಯೇ ಆಗಿದೆ. ತಮ್ಮ ಕಾಲದ ಅತ್ಯಂತ ವೈಭವದ ಮೂರು ಅರಮನೆಗಳನ್ನು ಒಳಗಿನಿಂದ ಕಂಡು, ಎಲ್ಲರೂ ನಡೆಯುತ್ತಿದ್ದ ದಾರಿಯಲ್ಲಿ ತಾವು ನಡೆಯಲಾರೆವೆಂದು ನಿರ್ಧರಿಸಿ, ಆ ನಿರ್ಧಾರಕ್ಕೆ ಬೆಲೆ ತೆತ್ತವರು ಅವರು.

ಅರ್ಥವರಿಯದ ಮಾತುಗಳು

ಉತ್ತರ ಇಟಲಿಯ ಕಾಸ್ತಿಲ್ಯೋನೆ ಎಂಬ ಪುಟ್ಟ ಸಂಸ್ಥಾನದಲ್ಲಿ 1568ರ ಮಾರ್ಚ್ 9ರಂದು ಅಲೋಶಿಯಸ್ ಜನಿಸಿದನು. ತಂದೆ ಫೆರಾಂತೆ ಗೊನ್ಜಾಗ ಆ ಸಂಸ್ಥಾನದ ಒಡೆಯ. ಮಾಂಟುವಾ ನಗರವನ್ನಾಳುತ್ತಿದ್ದ ಹೆಸರಾಂತ ಗೊನ್ಜಾಗ ವಂಶದ ಒಂದು ಶಾಖೆಗೆ ಸೇರಿದವನು. ತಾಯಿ ಮಾರ್ತಾ ಸ್ಪೇನಿನ ರಾಣಿಯ ಸಖಿಯಾಗಿದ್ದವಳು, ದೈವಭಕ್ತೆ. ಹಿರಿಯ ಮಗನಾದ್ದರಿಂದ ಪಟ್ಟವೂ ಆಸ್ತಿಯೂ ಅಲೋಶಿಯಸನಿಗೇ ಸೇರಬೇಕಿತ್ತು. ಮಗ ತನ್ನಂತೆಯೇ ದಂಡನಾಯಕನಾಗಬೇಕೆಂಬುದು ತಂದೆಯ ಬಯಕೆ. ತಾಯಿಯ ಬಯಕೆ ಅವನು ದೇವರವನಾಗಬೇಕೆಂಬುದು.

ಮಗುವಿಗೆ ಐದು ವರ್ಷ ತುಂಬುವ ಹೊತ್ತಿಗೆ ತಂದೆ ಅವನನ್ನು ಕಾಸಾಲ್ಮಜ್ಜೋರೆ ಎಂಬಲ್ಲಿನ ಸೇನಾ ಶಿಬಿರಕ್ಕೆ ಕರೆದೊಯ್ದನು. ಉತ್ತರ ಆಫ್ರಿಕದ ಟ್ಯೂನಿಸ್ ಮೇಲಿನ ದಂಡಯಾತ್ರೆಗಾಗಿ ಅಲ್ಲಿ ಕಾಲಾಳುಗಳು ಸೇರಿದ್ದರು. ಪುಟ್ಟ ಕವಚ, ಪುಟ್ಟ ಬಂದೂಕು, ಸುತ್ತಲೂ ಹೊಗಳುವ ಸಿಪಾಯಿಗಳು. ಬಾಲಕನ ಸಂತೋಷಕ್ಕೆ ಮಿತಿಯಿರಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಸಿಪಾಯಿಗಳ ಮದ್ದನ್ನು ಕದ್ದು ಪುಟ್ಟ ಫಿರಂಗಿಯೊಂದನ್ನು ಹಾರಿಸಿಯೇಬಿಟ್ಟನು. ಶಿಬಿರದಲ್ಲಿ ದಂಗೆಯೆದ್ದಿತೆಂದು ತಂದೆಯೇ ಗಾಬರಿಗೊಂಡನಂತೆ. ಈ ತುಂಟ ಬಾಲಕನಿಗೂ ಹೂ ಹಿಡಿದ ಚಿತ್ರಕ್ಕೂ ಎಷ್ಟು ಅಂತರ!

ಮನೆಗೆ ಮರಳಿದಾಗ ಅವನು ಇನ್ನೊಂದು ಸರಕನ್ನೂ ಹೊತ್ತು ತಂದಿದ್ದನು. ಸಿಪಾಯಿಗಳ ಬಾಯಲ್ಲಿ ಕೇಳಿದ ಹೊಲಸು ಮಾತುಗಳನ್ನು ಅವನು ಅವರಂತೆಯೇ ಆಡತೊಡಗಿದನು. ಅವುಗಳ ಅರ್ಥ ಅವನಿಗೆ ತಿಳಿದಿರಲಿಲ್ಲ. ದೊಡ್ಡವರು ಆಡುತ್ತಿದ್ದರು, ಆದ್ದರಿಂದ ಅವನೂ ಆಡಿದನು. ಶಿಕ್ಷಕನು ಗದರಿಸಿ ತಿಳಿಹೇಳಿದಾಗ ಬಾಲಕನಿಗೆ ಎಷ್ಟು ನಾಚಿಕೆಯಾಯಿತೆಂದರೆ ಮತ್ತೆಂದೂ ಆ ಮಾತುಗಳು ಅವನ ಬಾಯಿಂದ ಬರಲಿಲ್ಲ. ಮುಂದೆ ಸನ್ಯಾಸಿಯಾದ ಮೇಲೂ ಅದನ್ನು ತನ್ನ ದೊಡ್ಡ ಅಪರಾಧವೆಂದೇ ನೆನೆದು ದುಃಖಿಸುತ್ತಿದ್ದನು.

ಐದು ವರ್ಷದ ಮಗುವಿನ ಅರಿಯದ ತಪ್ಪಿಗೆ ಇಷ್ಟು ಪಶ್ಚಾತ್ತಾಪವೇಕೆಂದು ನಮಗೆ ಅನಿಸಬಹುದು. ಆದರೆ ಆ ನೆನಪಿನಲ್ಲಿ ಒಂದು ಪಾಠವಿತ್ತು. ಸಹವಾಸದೋಷದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆ ನಮ್ಮಲ್ಲಿದೆ. ಸಹವಾಸವು ಮನುಷ್ಯನನ್ನು ಕೆಡಿಸುವುದು ಬಲಾತ್ಕಾರದಿಂದಲ್ಲ; ಅರ್ಥವನ್ನೇ ಕೇಳದೆ ಇತರರ ಮಾತನ್ನು, ನಡೆಯನ್ನು, ಆಸೆಯನ್ನು ನಾವು ನಮ್ಮದಾಗಿಸಿಕೊಳ್ಳುವುದರಿಂದ. ಆ ದಿನದಿಂದ ಅಲೋಶಿಯಸನು ಎಲ್ಲರೂ ಮಾಡುವುದನ್ನು ಮಾಡುವ ಮೊದಲು ಅದರ ಅರ್ಥವನ್ನು ವಿಚಾರಿಸತೊಡಗಿದನು. ಏಳನೆಯ ವಯಸ್ಸಿನಿಂದ ಪ್ರತಿದಿನದ ಪ್ರಾರ್ಥನೆ ಅವನಿಗೆ ತಪ್ಪದ ನಿಯಮವಾಯಿತು.

ಅರಮನೆಗಳ ನಡುವೆ

ಒಂಬತ್ತನೆಯ ವಯಸ್ಸಿನಲ್ಲಿ ಅಲೋಶಿಯಸನನ್ನೂ ತಮ್ಮ ರೊಡಾಲ್ಫೊನನ್ನೂ ತಂದೆ ಫ್ಲಾರೆನ್ಸ್ ನಗರಕ್ಕೆ ಕಳುಹಿಸಿದನು. ಮೆದಿಚಿ ವಂಶದ ಫ್ರಾಂಚೆಸ್ಕೊ ಪ್ರಭುವಿನ ಆಸ್ಥಾನದಲ್ಲಿ ರಾಜಮರ್ಯಾದೆಗಳನ್ನು ಕಲಿಯುವುದು ಉದ್ದೇಶ. ಕಲೆ, ಸಾಹಿತ್ಯ, ವಿದ್ಯೆಗಳು ಅಲ್ಲಿ ಅರಳಿದ್ದವು ನಿಜ. ಆದರೆ ಅವುಗಳ ಪಕ್ಕದಲ್ಲೇ ಮೋಸ, ವ್ಯಭಿಚಾರ, ಸೇಡು, ಒಳಸಂಚುಗಳೂ ಬೆಳೆದಿದ್ದವು. ಆ ವಾತಾವರಣದಲ್ಲಿ ಬೆಳೆಯುವ ಶ್ರೀಮಂತರ ಮಕ್ಕಳು ಬೇಗನೆ ಎಲ್ಲವನ್ನೂ ಕಲಿಯುತ್ತಿದ್ದರು. ಕಲಿಯದವನು ನಗೆಪಾಟಲಿಗೀಡಾಗುತ್ತಿದ್ದನು.

ಅಲ್ಲಿನ ಮಂಗಳವಾರ್ತೆಯ ದೇವಾಲಯದಲ್ಲಿ, ಮಾತೆ ಮರಿಯಮ್ಮನವರ ಚಿತ್ರದ ಮುಂದೆ, ಸುಮಾರು ಹತ್ತು ವರ್ಷದ ಬಾಲಕನು ತಾನು ಜೀವಮಾನವಿಡೀ ಬ್ರಹ್ಮಚಾರಿಯಾಗಿ ದೇವರಿಗೆ ಮೀಸಲಾಗಿರುವೆನೆಂದು ಹರಕೆ ಹೊತ್ತನು. ಅದನ್ನು ಯಾರೂ ಹೇಳಿಕೊಡಲಿಲ್ಲ. ಪಾಪನಿವೇದನೆಗೆ ಹೋಗುವ ಮೊದಲು ತನ್ನನ್ನು ತಾನೇ ಕಟ್ಟುನಿಟ್ಟಾಗಿ ಪರೀಕ್ಷಿಸಿಕೊಂಡು, ಕೋಪವೂ ಮಾತಿನ ಚಾಪಲ್ಯವೂ ತನ್ನ ದೌರ್ಬಲ್ಯಗಳೆಂದು ಕಂಡುಕೊಂಡು, ಅವುಗಳ ವಿರುದ್ಧ ಹೋರಾಡತೊಡಗಿದನು.

1579ರಲ್ಲಿ ಸಹೋದರರಿಬ್ಬರೂ ಮಾಂಟುವಾದ ಬಂಧುಗಳ ಆಸ್ಥಾನಕ್ಕೆ ಬಂದರು. ಅಲ್ಲಿ ಅಲೋಶಿಯಸನಿಗೆ ಮೂತ್ರಕೋಶದ ಬೇನೆ ಕಾಣಿಸಿಕೊಂಡಿತು. ವೈದ್ಯರು ಕಟ್ಟುನಿಟ್ಟಿನ ಪಥ್ಯ ವಿಧಿಸಿದರು. ಔತಣ, ಕುಣಿತ, ಆಟಗಳಿಂದ ದೂರವಿರಲು ಅವನಿಗೆ ಇದೊಂದು ನೆಪವಾಯಿತು. ಏಕಾಂತದಲ್ಲಿ ಸಂತರ ಚರಿತ್ರೆಗಳನ್ನು ಓದಿದನು. ತನ್ನ ಹಕ್ಕಿನ ಪಟ್ಟವನ್ನು ತಮ್ಮನಿಗೆ ಬಿಟ್ಟುಕೊಡುವ ವಿಚಾರ ಮೊಳೆತದ್ದು ಈ ದಿನಗಳಲ್ಲೇ.

1580ರ ಜುಲೈ ತಿಂಗಳಲ್ಲಿ ಮಿಲಾನಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಚಾರ್ಲ್ಸ್ ಬೊರೊಮೆಯೊ ಕಾಸ್ತಿಲ್ಯೋನೆಗೆ ಭೇಟಿಯಿತ್ತರು. ಮುಂದೆ ತಾವೂ ಸಂತರೆನಿಸಿದ ಅವರು ಹನ್ನೆರಡು ವರ್ಷದ ಬಾಲಕನೊಡನೆ ಮಾತನಾಡಿ ಅವನ ಧರ್ಮಜ್ಞಾನಕ್ಕೆ ಬೆರಗಾದರು. ಅವನು ಇನ್ನೂ ಪರಮಪ್ರಸಾದ ಸ್ವೀಕರಿಸಿಲ್ಲವೆಂದು ತಿಳಿದು, ತಾವೇ ಸಿದ್ಧಪಡಿಸಿ ಪ್ರಥಮ ಪರಮಪ್ರಸಾದವನ್ನು ನೀಡಿದರು. ಜಾತ್ರೆಯ ಜನಜಂಗುಳಿಯಲ್ಲಿ ತಂದೆಯ ಕೈ ಹಿಡಿದ ಮಗುವಿನಂತೆ ಆ ಬಳಿಕ ಬಾಲಕನು ಪರಮಪ್ರಸಾದವನ್ನು ನೆಚ್ಚಿಕೊಂಡನು. ಊರಿನ ಬಡ ಮಕ್ಕಳನ್ನು ಸೇರಿಸಿ ಧರ್ಮೋಪದೇಶ ಕಲಿಸುವ ಕೆಲಸಕ್ಕೂ ತೊಡಗಿದನು.

ಮರುವರ್ಷ ಗೊನ್ಜಾಗ ಕುಟುಂಬವು ಸಾಮ್ರಾಜ್ಞಿ ಮರಿಯಾಳ ಪರಿವಾರದೊಡನೆ ಸ್ಪೇನ್ ದೇಶಕ್ಕೆ ತೆರಳಿತು. ಅಂದಿನ ಲೋಕದ ಅತಿ ಬಲಿಷ್ಠ ದೊರೆ ಎರಡನೆಯ ಫಿಲಿಪನ ಮಗ, ಪುಟ್ಟ ಯುವರಾಜ ದಿಯೇಗೊನ ಸೇವಕ ಸಂಗಾತಿಯಾಗಿ ಅಲೋಶಿಯಸ್ ನೇಮಕಗೊಂಡನು. ಒಂದು ದಿನ ಬಿರುಗಾಳಿಯಿಂದ ಬೇಸತ್ತ ಯುವರಾಜನು ಇನ್ನು ಬೀಸಕೂಡದೆಂದು ಗಾಳಿಗೇ ಅಪ್ಪಣೆ ಮಾಡಿದನಂತೆ. ಇಂಥ ಸಂದರ್ಭದಲ್ಲಿ ಹೊಗಳುಭಟರ ಬಾಯಿಂದ ಏನು ಬರುತ್ತದೆಂದು ನಾವು ಬಲ್ಲೆವು. ಅಲೋಶಿಯಸನಾದರೋ, ಅರಸರ ಅಪ್ಪಣೆ ಮನುಷ್ಯರ ಮೇಲೆ ನಡೆಯಬಹುದಾದರೂ ಗಾಳಿಮಳೆಗಳು ದೇವರಿಗೆ ಮಾತ್ರ ವಿಧೇಯವೆಂದೂ, ಅರಸರೂ ಅವನಿಗೇ ವಿಧೇಯರಾಗಬೇಕೆಂದೂ ವಿನಯದಿಂದಲೇ ತಿಳಿಸಿದನು. ದೊರೆಗೆ ಈ ಮಾತು ಮೆಚ್ಚುಗೆಯಾಯಿತೆಂದು ಅವನ ಚರಿತ್ರಕಾರರು ಬರೆದಿದ್ದಾರೆ. 1582ರಲ್ಲಿ ಆ ಯುವರಾಜನು ಬಾಲ್ಯದಲ್ಲೇ ತೀರಿಕೊಂಡನು. ಎಂಥ ಸಿಂಹಾಸನವೂ ಮೃತ್ಯುವನ್ನು ತಡೆಯದೆಂಬುದನ್ನು ಅಲೋಶಿಯಸ್ ಕಣ್ಣಾರೆ ಕಂಡನು.

ತಂದೆಯ ಎದುರಿನಲ್ಲಿ

1583ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ದಿನ, ಮಾಡ್ರಿಡ್ ನಗರದ ಯೇಸುಸಭೆಯ ದೇವಾಲಯದಲ್ಲಿ ಪ್ರಾರ್ಥಿಸುತ್ತಿದ್ದಾಗ ತನ್ನ ಕರೆ ಯಾವುದೆಂದು ಅವನಿಗೆ ಸ್ಪಷ್ಟವಾಯಿತು. ಅವನು ಆರಿಸಿಕೊಂಡದ್ದು ಯೇಸುಸಭೆಯನ್ನು. ಅದಕ್ಕೊಂದು ಮುಖ್ಯ ಕಾರಣವಿತ್ತು. ಆ ಸಭೆಯ ಸದಸ್ಯರು ಧರ್ಮಸಭೆಯ ಉನ್ನತ ಪದವಿಗಳನ್ನು ಬಯಸುವುದಿಲ್ಲವೆಂದು ವ್ರತ ತೊಡುತ್ತಿದ್ದರು. ಅರಸುಮಕ್ಕಳು ಸನ್ಯಾಸಿಗಳಾದರೂ ಬೇಗನೆ ಬಿಷಪರೋ ಕಾರ್ಡಿನಲರೋ ಆಗುತ್ತಿದ್ದ ಕಾಲವದು. ಅರಮನೆಯನ್ನು ಮುಂಬಾಗಿಲಿನಿಂದ ಬಿಟ್ಟು ಹಿಂಬಾಗಿಲಿನಿಂದ ಮತ್ತೆ ಪ್ರವೇಶಿಸಲು ಅವನಿಗೆ ಮನಸ್ಸಿರಲಿಲ್ಲ.

ತಾಯಿ ಸಂತೋಷಪಟ್ಟಳು. ತಂದೆ ಕೆಂಡಾಮಂಡಲವಾದನು. ಮಗನನ್ನು ಥಳಿಸುವೆನೆಂದು ಅಬ್ಬರಿಸಿದನು. ಫೆರಾಂತೆ ಜೂಜಿನ ಚಟಕ್ಕೆ ಬಿದ್ದು ಬಹಳ ಹಣ ಕಳೆದುಕೊಂಡಿದ್ದನು. ತನ್ನನ್ನು ಬೆದರಿಸಿ ಜೂಜು ಬಿಡಿಸುವುದಕ್ಕಾಗಿ ಆಸ್ಥಾನದವರು ಹೂಡಿದ ಉಪಾಯವಿದೆಂದೇ ಮೊದಲು ಶಂಕಿಸಿದನು. ಮಗನ ನಿರ್ಧಾರ ನಿಜವೆಂದು ತಿಳಿದಾಗ ಬೇರೆ ಮಾರ್ಗ ಹಿಡಿದನು. 1584ರಲ್ಲಿ ಇಟಲಿಗೆ ಮರಳಿದ ಮೇಲೆ ಮಗನನ್ನು ಹಲವು ರಾಜಾಸ್ಥಾನಗಳಿಗೆ ಪ್ರವಾಸ ಕಳುಹಿಸಿದನು. ವೈಭವವನ್ನು ಕಂಡಾದರೂ ಮನಸ್ಸು ತಿರುಗೀತೆಂಬ ಆಸೆ. ಬಂಧುಗಳು, ಸ್ನೇಹಿತರು, ಧರ್ಮಸಭೆಯ ಹಿರಿಯರು ಕೂಡ ಒಬ್ಬರ ನಂತರ ಒಬ್ಬರು ಬಂದು ಬುದ್ಧಿ ಹೇಳಿದರು. ಪಟ್ಟದಲ್ಲಿದ್ದುಕೊಂಡೇ ಬಡವರಿಗೆ ಒಳಿತು ಮಾಡಬಾರದೇಕೆ, ಕುಲಕ್ಕೆ ಅಪಕೀರ್ತಿ ತರುವುದೇಕೆ, ರೋಗಿಷ್ಠ ತಂದೆಯನ್ನು ನೋಯಿಸುವುದೇಕೆ ಎಂಬ ವಾದಗಳು ಅವನನ್ನು ಮುತ್ತಿದವು.

ಓದುಗರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಕೆಟ್ಟವರ ಒತ್ತಾಯಕ್ಕೆ ಇಲ್ಲವೆನ್ನುವುದು ಕಷ್ಟವಾದರೂ ಸಾಧ್ಯ. ನಮ್ಮನ್ನು ಪ್ರೀತಿಸುವವರ, ನಮ್ಮ ಹಿತವನ್ನೇ ಬಯಸುವವರ ಒತ್ತಾಯಕ್ಕೆ ಇಲ್ಲವೆನ್ನುವುದೇ ನಿಜವಾದ ಕಠಿಣ ಪರೀಕ್ಷೆ. ಅಲೋಶಿಯಸ್ ಈ ಪರೀಕ್ಷೆಯನ್ನು ಎರಡು ವರ್ಷಗಳಿಗೂ ಹೆಚ್ಚು ಕಾಲ ಎದುರಿಸಿದನು. ಆದರೆ ಮನೆಬಿಟ್ಟು ಓಡಿಹೋಗಲಿಲ್ಲ. ತಂದೆಯನ್ನು ನಿಂದಿಸಲಿಲ್ಲ. ತಂದೆ ಒಪ್ಪಿಸಿದ ವ್ಯವಹಾರಗಳಿಗಾಗಿ ಮಿಲಾನಿಗೆ ಹೋಗಿ ಅವುಗಳನ್ನು ಚಾಣಾಕ್ಷತನದಿಂದ ಮುಗಿಸಿಕೊಟ್ಟನು. ಬಿಟ್ಟುಕೊಡಲಾಗದ ಒಂದನ್ನು ಮಾತ್ರ ಬಿಟ್ಟುಕೊಡದೆ, ಉಳಿದುದೆಲ್ಲದರಲ್ಲೂ ವಿಧೇಯ ಮಗನಾಗಿಯೇ ಉಳಿದನು. ಕೊನೆಗೊಂದು ದಿನ, ಬಾಗಿಲಿನ ಬಿರುಕಿನಿಂದ, ಕಣ್ಣೀರಿಡುತ್ತಾ ಪ್ರಾರ್ಥಿಸುತ್ತಿದ್ದ ಮಗನನ್ನು ಕಂಡ ತಂದೆಯ ಹೃದಯ ಕರಗಿತು.

ಕಾಸ್ತಿಲ್ಯೋನೆ ಸಾಮ್ರಾಟನ ಅಧೀನದ ಸಂಸ್ಥಾನವಾದ್ದರಿಂದ ಹಕ್ಕು ತ್ಯಜಿಸಲು ಸಾಮ್ರಾಟನ ಸಮ್ಮತಿಯೂ ಬೇಕಿತ್ತು. ಅದು ದೊರೆತ ಬಳಿಕ 1585ರ ನವೆಂಬರ್ 2ರಂದು ಮಾಂಟುವಾದಲ್ಲಿ ಅಲೋಶಿಯಸ್ ತ್ಯಾಗಪತ್ರಕ್ಕೆ ರುಜು ಹಾಕಿದನು. ಪಟ್ಟ ರೊಡಾಲ್ಫೊನದಾಯಿತು. ಅದೇ ತಿಂಗಳ 25ರಂದು ಹದಿನೇಳು ವರ್ಷದ ಅಲೋಶಿಯಸ್ ರೋಮಿನ ಕ್ವಿರಿನಾಲ್ ಗುಡ್ಡದ ಮೇಲಿನ ಯೇಸುಸಭೆಯ ನೊವಿಷಿಯೇಟನ್ನು ಪ್ರವೇಶಿಸಿದನು. ಮಗನನ್ನು ಕಳುಹಿಸಿಕೊಟ್ಟ ತಂದೆ ಜೂಜನ್ನು ತೊರೆದು, ಪಶ್ಚಾತ್ತಾಪಪಟ್ಟು, ಕೆಲವೇ ತಿಂಗಳುಗಳಲ್ಲಿ ಶಾಂತಿಯಿಂದ ಕಣ್ಮುಚ್ಚಿದನು. ಇಷ್ಟು ವರ್ಷ ಮಗನನ್ನು ಬದಲಿಸಲು ಹೆಣಗಿದವನು ಕೊನೆಗೆ ತಾನೇ ಬದಲಾಗಿದ್ದನು.

ತನ್ನ ಇಚ್ಛೆಗೂ ಕಡಿವಾಣ

ನೊವಿಷಿಯೇಟಿನಲ್ಲಿ ಅಲೋಶಿಯಸರಿಗೆ ಅನಿರೀಕ್ಷಿತವಾದ ಇನ್ನೊಂದು ಹೋರಾಟ ಕಾದಿತ್ತು. ಆಸ್ಥಾನಗಳ ಭೋಗಕ್ಕೆ ಎದುರಾಗಿ ಅವರು ಬಾಲ್ಯದಿಂದಲೇ ಅತಿ ಕಠಿಣ ಉಪವಾಸ, ದೇಹದಂಡನೆಗಳನ್ನು ರೂಢಿಸಿಕೊಂಡಿದ್ದರು. ಆರೋಗ್ಯ ಅದರಿಂದ ಕುಂದಿತ್ತು. ಮೇಲಧಿಕಾರಿಗಳು ಅದನ್ನೆಲ್ಲ ನಿಲ್ಲಿಸಿದರು. ಹೊಟ್ಟೆತುಂಬ ಉಣ್ಣಬೇಕು, ಇತರರೊಡನೆ ಬೆರೆತು ಮಾತನಾಡಬೇಕು, ನಿಗದಿತ ಸಮಯಕ್ಕಿಂತ ಹೆಚ್ಚು ಪ್ರಾರ್ಥಿಸಬಾರದು ಎಂಬ ಆಜ್ಞೆಯಾಯಿತು. ಲೋಕದ ಇಚ್ಛೆಗೆ ಮಣಿಯದವರು ತಮ್ಮ ಸ್ವಂತ ಇಚ್ಛೆಯನ್ನೂ ಬಿಡಬೇಕಾಯಿತು. ಅವರು ಬಿಟ್ಟರು. ಅಡಿಗೆಮನೆಯಲ್ಲಿ ಪಾತ್ರೆ ತೊಳೆದರು, ನೆಲ ಗುಡಿಸಿದರು.

ಇದು ಮುಖ್ಯವಾದ ಸಂಗತಿ. ಗುಂಪಿಗೆ ಎದುರು ನಿಲ್ಲುವವನಲ್ಲಿ ತಾನೊಬ್ಬನೇ ಸರಿಯೆಂಬ ಗರ್ವ ಸುಲಭವಾಗಿ ಬೆಳೆಯುತ್ತದೆ. ಹಟ ಬೇರೆ, ವಿಶ್ವಾಸ ಬೇರೆ. ಹಟಮಾರಿಯು ಯಾರ ಮಾತನ್ನೂ ಕೇಳುವುದಿಲ್ಲ. ವಿಶ್ವಾಸಿಯು ದೇವರ ಮಾತನ್ನು ಕೇಳುವುದಕ್ಕಾಗಿ ಉಳಿದ ಸದ್ದುಗಳಿಗೆ ಕಿವುಡಾಗುತ್ತಾನೆ. ಅಲೋಶಿಯಸರದು ಹಟವಾಗಿರಲಿಲ್ಲವೆಂಬುದಕ್ಕೆ ಈ ವಿಧೇಯತೆಯೇ ಸಾಕ್ಷಿ. ರೋಮಿನ ವಿದ್ಯಾಲಯದಲ್ಲಿ ಅವರ ಆತ್ಮಗುರುಗಳಾಗಿದ್ದವರು ಮಹಾಪಂಡಿತ ರಾಬರ್ಟ್ ಬೆಲ್ಲಾರ್ಮಿನ್. ಮುಂದೆ ಕಾರ್ಡಿನಲರೂ ಸಂತರೂ ಆದ ಆ ಗುರುಗಳು ಈ ಶಿಷ್ಯನನ್ನು ಜೀವನವಿಡೀ ಗೌರವದಿಂದ ಸ್ಮರಿಸಿದರು.

1589ರಲ್ಲಿ ಅರಮನೆ ಅವರನ್ನು ಮತ್ತೆ ಕರೆಯಿತು, ಈ ಬಾರಿ ಸಹಾಯಕ್ಕಾಗಿ. ಸೊಲ್ಫೆರಿನೊ ಎಂಬ ಪ್ರದೇಶದ ಒಡೆತನಕ್ಕಾಗಿ ರೊಡಾಲ್ಫೊನಿಗೂ ಮಾಂಟುವಾದ ಡ್ಯೂಕನಿಗೂ ಜಗಳ ಹತ್ತಿತ್ತು. ಮೇಲಧಿಕಾರಿಗಳ ಅಪ್ಪಣೆಯಂತೆ ಅಲೋಶಿಯಸರು ಹೋಗಿ ಇಬ್ಬರನ್ನೂ ರಾಜಿಗೊಳಿಸಿದರು. ರೊಡಾಲ್ಫೊ ತನಗಿಂತ ಕಡಿಮೆ ಅಂತಸ್ತಿನ ಕನ್ಯೆಯನ್ನು ಗುಟ್ಟಾಗಿ ಮದುವೆಯಾಗಿದ್ದನು. ಬಂಧುಗಳೇನೆಂದಾರೆಂಬ ಭಯದಿಂದ ಅದನ್ನು ಮುಚ್ಚಿಟ್ಟಿದ್ದನು. ಊರಿನಲ್ಲಿ ಅಪವಾದ ಹಬ್ಬಿತ್ತು. ಆಕೆ ತನ್ನ ಧರ್ಮಪತ್ನಿಯೆಂದು ಎಲ್ಲರ ಮುಂದೆ ಒಪ್ಪಿಕೊಳ್ಳುವಂತೆ ಅಣ್ಣನು ತಮ್ಮನ ಮನವೊಲಿಸಿದನು. ನಾಲ್ಕು ಜನರ ಬಾಯಿಗೆ ಹೆದರದೆ ಬಾಳುವುದು ಹೇಗೆಂದು ಆ ಮನೆಯಲ್ಲಿ ಹೇಳಬಲ್ಲವರು ಅವರೊಬ್ಬರೇ.

ರೋಗಿಯ ಭಾರ

1591ರಲ್ಲಿ ಬರಗಾಲದ ಬೆನ್ನಿಗೇ ರೋಮ್ ನಗರದಲ್ಲಿ ಸಾಂಕ್ರಾಮಿಕ ರೋಗ ಹಬ್ಬಿತು. ಯೇಸುಸಭೆಯು ಆಸ್ಪತ್ರೆ ತೆರೆಯಿತು. ಅರಸುಮಗನಾಗಿ ಹುಟ್ಟಿದ ಅಲೋಶಿಯಸರು ಬೀದಿಬೀದಿ ತಿರುಗಿ ರೋಗಿಗಳಿಗಾಗಿ ಭಿಕ್ಷೆ ಎತ್ತಿದರು. ರೋಗಿಗಳನ್ನು ತೊಳೆದು, ಉಣಿಸಿ, ಪಾಪನಿವೇದನೆಗೆ ಸಿದ್ಧಪಡಿಸಿದರು. ಅದು ಅವರಿಗೆ ಸುಲಭವಾಗಿರಲಿಲ್ಲ. ಹುಣ್ಣು, ಕೀವು, ದುರ್ನಾತಗಳೆದುರು ಅವರ ಮೈ ಹೇಸುತ್ತಿತ್ತು. ಆ ಹೇಸಿಕೆಯನ್ನು ಮೆಟ್ಟಿ ಅವರು ಮುಂದುವರಿದರು. ಹಲವು ಯುವ ಸಂಗಡಿಗರು ರೋಗಕ್ಕೆ ತುತ್ತಾದಾಗ ಮೇಲಧಿಕಾರಿಗಳು ಅವರನ್ನು ಅಲ್ಲಿಂದ ಹಿಂದಕ್ಕೆ ಕರೆಸಿಕೊಂಡರು. ಅವರು ಬೇಡಿಕೊಂಡ ಮೇಲೆ, ಸೋಂಕಿಲ್ಲದವರಿದ್ದ ಇನ್ನೊಂದು ಆಸ್ಪತ್ರೆಯಲ್ಲಿ ಸೇವೆಗೆ ಒಪ್ಪಿಗೆ ದೊರೆಯಿತು. ಅಲ್ಲಿ ಒಬ್ಬ ರೋಗಿಯನ್ನು ತೋಳುಗಳಲ್ಲಿ ಎತ್ತಿ ಹಾಸಿಗೆಗೆ ಸೇರಿಸಿ ಉಪಚರಿಸಿದರು. ಆ ರೋಗಿಗೆ ಸೋಂಕಿತ್ತು.

ಮಾರ್ಚ್ ತಿಂಗಳಲ್ಲಿ ಹಾಸಿಗೆ ಹಿಡಿದವರು ತುಸು ಚೇತರಿಸಿದರೂ ಜ್ವರ ಬಿಡಲಿಲ್ಲ. ಜೂನ್ ತಿಂಗಳಲ್ಲಿ ತಾಯಿಗೆ ಬರೆದ ಕೊನೆಯ ಪತ್ರದಲ್ಲಿ, ತಮ್ಮ ಸಾವನ್ನು ದೇವರ ಕೃಪೆಯೆಂದು ಎಣಿಸಿ ದುಃಖಿಸದಿರುವಂತೆ ಆಕೆಯನ್ನು ಸಂತೈಸಿದರು. ಜೂನ್ 20 ಮತ್ತು 21ರ ನಡುವಣ ರಾತ್ರಿ ಯೇಸುವಿನ ನಾಮವನ್ನುಚ್ಚರಿಸುತ್ತಾ ಪ್ರಾಣಬಿಟ್ಟರು. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಗುರುದೀಕ್ಷೆಯೂ ಆಗಿರಲಿಲ್ಲ. ಪಟ್ಟವೇರಿದ ರೊಡಾಲ್ಫೊ 1593ರಲ್ಲಿ ಕೊಲೆಗೀಡಾದನು. 1605ರಲ್ಲಿ ಅಲೋಶಿಯಸರನ್ನು ಪುನೀತರೆಂದೂ, 1726ರಲ್ಲಿ ಸಂತರೆಂದೂ ಧರ್ಮಸಭೆ ಘೋಷಿಸಿತು. 1729ರಲ್ಲಿ ಅವರು ವಿದ್ಯಾರ್ಥಿಗಳ ಪಾಲಕರಾದರು. ರೋಮಿನ ಸಂತ ಇಗ್ನಾಸಿಯವರ ದೇವಾಲಯದಲ್ಲಿ ಅವರ ಸಮಾಧಿಯಿದೆ. ಅದೇ ದೇವಾಲಯದಲ್ಲಿ ಆತ್ಮಗುರು ಬೆಲ್ಲಾರ್ಮಿನರೂ ವಿಶ್ರಮಿಸುತ್ತಿದ್ದಾರೆ.

ನಮ್ಮ ಮಕ್ಕಳ ಮುಂದೆ

ಇಂದು ನಮ್ಮ ಮಕ್ಕಳು ಅರಮನೆಗಳಿಗೆ ಹೋಗುವುದಿಲ್ಲ. ಆದರೆ ಬೆಂಗಳೂರಿಗೆ, ಮುಂಬೈಗೆ, ಕೊಲ್ಲಿ ದೇಶಗಳಿಗೆ ಹೋಗುತ್ತಾರೆ. ಹಾಸ್ಟೆಲಿನ ಕೋಣೆಯಲ್ಲಿ ಸಂಗಡಿಗರೆಲ್ಲ ಕುಡಿಯುವಾಗ ತಾನೊಬ್ಬನೇ ಬೇಡವೆಂದರೆ ಏನೆಂದುಕೊಂಡಾರೆಂಬ ಅಳುಕು ಅವರನ್ನು ಕಾಡುತ್ತದೆ. ಭಾನುವಾರದ ಬಲಿಪೂಜೆಗೆ ಹೊರಟವನನ್ನು ನೋಡಿ ಯಾರೋ ನಗುತ್ತಾರೆ. ಊಟಕ್ಕೆ ಮುನ್ನ ಶಿಲುಬೆಯ ಗುರುತು ಹಾಕಲು ಕೈ ಹಿಂಜರಿಯುತ್ತದೆ. ಅಂಗೈಯ ಮೊಬೈಲಿನಲ್ಲಿ ಲೋಕದ ಎಲ್ಲ ಆಸ್ಥಾನಗಳೂ ಬಂದು ಕುಳಿತಿವೆ. ಅಲ್ಲಿ ಅರ್ಥವರಿಯದೆ ಕಲಿಯುವ ಮಾತುಗಳಿಗೆ ಲೆಕ್ಕವಿಲ್ಲ. ಹೆತ್ತವರಾದ ನಾವು ಕೂಡ ಫೆರಾಂತೆಯಂತೆ, ಪ್ರೀತಿಯ ಹೆಸರಿನಲ್ಲೇ, ಮಕ್ಕಳ ಮೇಲೆ ನಮ್ಮ ಅಂತಸ್ತಿನ ಆಸೆಗಳನ್ನು ಹೇರುವುದುಂಟು. ಮಗಳ ಮದುವೆಯ ಆಡಂಬರಕ್ಕಾಗಿ ಸಾಲ ಮಾಡುವಾಗ ನಾವು ಯಾರ ಮಾತಿಗೆ ಮಣಿಯುತ್ತಿದ್ದೇವೆ?

ಅಲೋಶಿಯಸರ ಕಠಿಣ ತಪಸ್ಸನ್ನು ಅನುಕರಿಸಿರೆಂದು ಯಾರೂ ಕೇಳುವುದಿಲ್ಲ. ಅವರ ಗುರುಗಳೇ ಅದನ್ನು ತಡೆದರು. ಅನುಕರಿಸಬೇಕಾದದ್ದು ಅವರ ಇಲ್ಲ ಎಂಬ ಮಾತಿನ ಹಿಂದಿದ್ದ ಹೌದನ್ನು. ಅವರು ಜೂಜಿಗೆ, ಭೋಗಕ್ಕೆ, ಪಟ್ಟಕ್ಕೆ ಇಲ್ಲವೆಂದದ್ದು ಬರಿಯ ನಿಷೇಧವಾಗಿದ್ದರೆ ಅವರು ಒಣಗಿದ ಮನುಷ್ಯರಾಗಿ ಬಾಳುತ್ತಿದ್ದರು. ಹಾಗಾಗದೆ, ಬರಿದಾದ ಆ ಕೈಗಳು ಕೊನೆಗೆ ರೋಗಿಯೊಬ್ಬನನ್ನು ಎತ್ತಿಕೊಳ್ಳಲು ಸಿದ್ಧವಾಗಿದ್ದವು. ಹೇಸಿಕೆಯನ್ನು ಮೆಟ್ಟುವ ಬಲ ಒಂದೇ ದಿನದಲ್ಲಿ ಬಂದದ್ದಲ್ಲ. ಐದನೆಯ ವಯಸ್ಸಿನಲ್ಲಿ ಒಂದು ಹೊಲಸು ಮಾತನ್ನು ಬಿಟ್ಟ ದಿನದಿಂದ ಅದು ಸ್ವಲ್ಪಸ್ವಲ್ಪವಾಗಿ ಕೂಡಿಬಂದಿತ್ತು.

ಮಕ್ಕಳು ಮನೆಬಿಟ್ಟು ದೂರದ ಊರಿಗೆ ಹೊರಡುವಾಗ ನಾವು ಉಪ್ಪಿನಕಾಯಿ, ಚಕ್ಕುಲಿಗಳ ಡಬ್ಬಿಗಳನ್ನು ಕಟ್ಟಿಕೊಡುತ್ತೇವೆ. ಜೊತೆಗೆ ಈ ಸಂತರ ಕಥೆಯನ್ನೂ ಹೇಳಿ ಕಳುಹಿಸೋಣ. ಮನೆಯ ಸಂಜೆಯ ತೇರ್ಸ ಪ್ರಾರ್ಥನೆಯಲ್ಲಿ ಅವರ ಹೆಸರು ಹಿಡಿದು ಬೇಡೋಣ. ಎಲ್ಲರೂ ಒಂದು ದಿಕ್ಕಿಗೆ ನಡೆಯುವಾಗ ಕ್ಷಣಕಾಲ ನಿಂತು, ಪ್ರಭುವೇ, ನಾನು ಎತ್ತ ಹೋಗಲಿ ಎಂದು ಕೇಳುವ ಧೈರ್ಯವನ್ನು ನಮ್ಮ ಯುವಜನರಿಗೆ ಈ ಪಾಲಕ ಸಂತರು ದೊರಕಿಸಿಕೊಡಲಿ.